ವೈಲ್ಡ್‌ಬೀಸ್ಟ್ ಮಹಾವಲಸೆ: ಯಾವ ತಿಂಗಳು, ಯಾವ ಜಾಗ, ಎಷ್ಟು ರಾತ್ರಿ?

ಟಾಂಜಾನಿಯಾದ ಸೆರೆಂಗೆಟಿ ಮತ್ತು ಕೀನ್ಯಾದ ಮಸಾಯ್ ಮಾರಾ ಎಂಬ ಸಂರಕ್ಷಿತ ಹುಲ್ಲುಗಾವಲುಗಳ ನಡುವೆ ವೈಲ್ಡ್‌ಬೀಸ್ಟ್‌ಗಳು (ದನದಂತೆ ಕಾಣುವ ಆಫ್ರಿಕಾದ ಹುಲ್ಲೆಗಳು) ಮತ್ತಿತರ ಪ್ರಾಣಿಗಳು ನಡೆಸುವ ವಲಸೆಯ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಶುಲ್ಕಗಳೆಲ್ಲ ವಿದೇಶಿ ವಯಸ್ಕ ಪ್ರವಾಸಿಗರಿಗೆ ಅನ್ವಯವಾಗುವ ಅಮೆರಿಕನ್ ಡಾಲರ್ ಲೆಕ್ಕದಲ್ಲಿವೆ. ಇವು ಆಗಾಗ ಪರಿಷ್ಕರಣೆಯಾಗುವುದರಿಂದ ಹಣ ಕಟ್ಟುವ ಮೊದಲು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ವಲಸೆ ನೋಡಲು ಜುಲೈಯಿಂದ ಅಕ್ಟೋಬರ್ ಸರಿಯಾದ ಕಾಲ ಎಂದು ಎಲ್ಲರೂ ಹೇಳುತ್ತಾರೆ. ನಾಲ್ಕು ತಿಂಗಳಲ್ಲಿ ಯಾವುದನ್ನು ಹಿಡಿಯುವುದು? ಇಂಥದೇ ವಾರ ಎಂದು ಹೇಳಲಾಗುವುದಿಲ್ಲವೇ?

ಉತ್ತರ: ವಾರ ಹೇಳಿದರೆ ಸುಳ್ಳಾಗುತ್ತದೆ. ಜುಲೈಯಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ಮುಗಿಯಲು ಇದು ಜಾತ್ರೆಯಲ್ಲ, ವರ್ಷದ ಹನ್ನೆರಡು ತಿಂಗಳೂ ನಡೆಯುವ ಸುತ್ತು. ವಿಮಾನದಿಂದ ನಡೆಸಿದ ಎಣಿಕೆಗಳ ಪ್ರಕಾರ ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಅವುಗಳ ಜೊತೆಗೆ ಎರಡು ಲಕ್ಷದಷ್ಟು ಜೀಬ್ರಾಗಳು, ಥಾಮ್ಸನ್ ಗೆಜೆಲ್ ಎಂಬ ಲಕ್ಷಾಂತರ ಸಣ್ಣ ಹುಲ್ಲೆಗಳು ಈ ಸುತ್ತಿನಲ್ಲಿವೆ. ಅವು ಯಾಕೆ ಸುತ್ತುತ್ತವೆ ಎಂಬುದು ಗೊತ್ತಾದರೆ ಯಾವ ತಿಂಗಳು ಎಲ್ಲಿರುತ್ತವೆ ಎಂಬುದನ್ನು ನೀವೇ ಊಹಿಸಬಹುದು.

ಸೆರೆಂಗೆಟಿಯ ದಕ್ಷಿಣ ಮತ್ತು ಆಗ್ನೇಯದ ಬಯಲು ಜ್ವಾಲಾಮುಖಿಯ ಬೂದಿಯಿಂದಾದ ಮಣ್ಣು. ಅಲ್ಲಿಯ ಹುಲ್ಲು ಗಿಡ್ಡ, ಆದರೆ ಕ್ಯಾಲ್ಸಿಯಂ, ರಂಜಕ ತುಂಬಿದ ಹುಲ್ಲು. ಬಾಣಂತಿ ತಾಯಿಗೂ ಹಾಲು ಕುಡಿಯುವ ಕರುವಿಗೂ ಬೇಕಾದ್ದು ಅದೇ. ತೊಂದರೆಯೆಂದರೆ ಆ ಭಾಗಕ್ಕೆ ವರ್ಷಕ್ಕೆ ಬೀಳುವ ಮಳೆ 500 ಮಿ.ಮೀ. ಆಸುಪಾಸು. ಮಳೆ ನಿಂತ ಕೆಲವೇ ವಾರಗಳಲ್ಲಿ ಹುಲ್ಲು ಒಣಗುತ್ತದೆ, ಉಳಿಯುವ ಕೆರೆನೀರು ಕ್ಷಾರ. ಉತ್ತರದಲ್ಲಿ ಮಳೆ ಇದರ ಸುಮಾರು ಎರಡರಷ್ಟು, ಮಾರಾ ನದಿ ಮಳೆಯಿಲ್ಲದ ತಿಂಗಳಲ್ಲೂ ಹರಿಯುತ್ತದೆ, ಆದರೆ ಹುಲ್ಲು ಎತ್ತರ, ಸತ್ವ ಕಡಿಮೆ. ಹೀಗಾಗಿ ಮಳೆ ಇರುವಷ್ಟು ದಿನ ದಕ್ಷಿಣ, ಅದು ಒಣಗಿದರೆ ಉತ್ತರ.

ಇದನ್ನು ಪಂಚಾಂಗಕ್ಕೆ ಇಳಿಸಿದರೆ: ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹಿಂಡುಗಳು ದಕ್ಷಿಣದ ಎನ್‌ಡುಟು ಸುತ್ತಮುತ್ತ. ಏಪ್ರಿಲ್, ಮೇ ತಿಂಗಳಲ್ಲಿ ಮೊರು ಬಂಡೆಗಳ ಕಡೆಯಿಂದ ನಡುವಿನ ಸೆರೊನೆರಾ ಹಾಯ್ದು ವಾಯವ್ಯಕ್ಕೆ. ಜೂನ್‌ನಲ್ಲಿ ಪಶ್ಚಿಮದ ಗ್ರುಮೇಟಿ ನದಿಯ ಬಳಿ ಒಂದಷ್ಟು, ನಡುಭಾಗದಿಂದ ನೇರ ಉತ್ತರಕ್ಕೆ ಇನ್ನೊಂದಷ್ಟು. ಜುಲೈ ನಡುವಿನಿಂದ ಅಕ್ಟೋಬರ್‌ವರೆಗೆ ಉತ್ತರ ಸೆರೆಂಗೆಟಿಯ ಕೊಗಟೆಂಡೆ, ಲಮಾಯ್ ಮತ್ತು ಕೀನ್ಯಾದ ಮಸಾಯ್ ಮಾರಾ. ನವೆಂಬರಿನಲ್ಲಿ ಸಣ್ಣ ಮಳೆಗಾಲ ಶುರುವಾದ ಕೂಡಲೇ ಪೂರ್ವದ ಅಂಚಿನ ಲೋಬೊ ಮಾರ್ಗವಾಗಿ ಮತ್ತೆ ದಕ್ಷಿಣಕ್ಕೆ. ಈ ಲೆಕ್ಕ ಎರಡು ಮೂರು ವಾರ ಹಿಂದೆ ಮುಂದೆ ಆಗುವುದು ಪ್ರತಿವರ್ಷದ ಮಾತು.

ಆದ್ದರಿಂದ ಆ ತಿಂಗಳಲ್ಲಿ ಹಿಂಡು ಎಲ್ಲಿ ಇರಬಹುದೋ ಅಲ್ಲಿ ಬಿಡಾರ ಹೂಡಿ, ಅಲ್ಲೇ ಸಾಕಷ್ಟು ರಾತ್ರಿ ಉಳಿಯಿರಿ. ಹಿಂಡಿನ ಜಾಗಕ್ಕೆ ಹೊಂದದ ದಿನಾಂಕ ಎಷ್ಟು ಒಳ್ಳೆಯದಿದ್ದರೂ ಉಪಯೋಗಕ್ಕೆ ಬಾರದು. ಒತ್ತಾಯ ಮಾಡಿ ಕೇಳಿದರೆ, ಹಿಂಡು ಮಾರಾ ನದಿ ದಾಟುವುದನ್ನು ನೋಡಲು ಆಗಸ್ಟ್ ಎರಡನೇ ವಾರದಿಂದ ಸೆಪ್ಟೆಂಬರ್ ಮೂರನೇ ವಾರದವರೆಗೆ, ದಕ್ಷಿಣದಲ್ಲಿ ಕರು ಹಾಕುವುದನ್ನು ನೋಡಲು ಫೆಬ್ರುವರಿಯ ಮೊದಲ ಮೂರು ವಾರ ಎನ್ನುತ್ತೇವೆ. ಮಳೆ ಹಿಂದೆಮುಂದೆ ಆದರೂ ಕೈಕೊಡುವ ಸಂಭವ ಈ ಅವಧಿಗಳಲ್ಲಿ ಕಡಿಮೆ.

ಪ್ರಶ್ನೆ: ಬದುಕಿನಲ್ಲಿ ಒಮ್ಮೆ ಮಾತ್ರ ಹೋಗಲು ಸಾಧ್ಯ. ನದಿ ದಾಟುವುದನ್ನು ನೋಡಬೇಕೋ, ಕರು ಹಾಕುವ ಕಾಲಕ್ಕೆ ಹೋಗಬೇಕೋ?

ಉತ್ತರ: ಮೊದಲ ಸಲ ಹೋಗುವವರಿಗೆ ನಮ್ಮ ಒಲವು ಫೆಬ್ರುವರಿಯ ಕಡೆಗೇ. ಕೇಳಿದವರಿಗೆ ಇದು ಆಶ್ಚರ್ಯ ತರುತ್ತದೆ, ಆದರೆ ಕಾರಣಗಳಿವೆ.

ಬಹುಪಾಲು ಹೆಣ್ಣುಗಳು ಎರಡು ಮೂರು ವಾರಗಳ ಒಳಗೇ ಕರು ಹಾಕುತ್ತವೆ. ಒಟ್ಟಿಗೇ ಹುಟ್ಟುವುದರಲ್ಲೇ ರಕ್ಷಣೆ ಇದೆ: ಕತ್ತೆಕಿರುಬ, ಸಿಂಹ, ಚೀತಾ, ನರಿ ಎಷ್ಟು ತಿಂದರೂ ಹೊಟ್ಟೆಗೆ ಒಂದು ಮಿತಿ ಇದ್ದೇ ಇದೆ. ಗುಂಪಿಗಿಂತ ಮುಂಚೆ ಅಥವಾ ತಡವಾಗಿ ಹುಟ್ಟಿದ ಕರು ಉಳಿಯುವ ಸಂಭವ ಕಡಿಮೆ. ನೆಲಕ್ಕೆ ಬಿದ್ದ ಕರು ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆಲ್ಲ ತಾಯಿಯ ಪಕ್ಕದಲ್ಲಿ ಓಡುತ್ತದೆ. ನೀವು ನೋಡುವುದು ಗಿಡ್ಡ ಹುಲ್ಲಿನ ತೆರೆದ ಬಯಲಿನಲ್ಲಿ, ದಿಗಂತದವರೆಗೆ ಅಡ್ಡಿಯಿಲ್ಲದೆ. ಬೆಳಗಿನ ಆರರಿಂದ ಹತ್ತರವರೆಗೆ ಬಯಲಿನಲ್ಲಿದ್ದರೆ ಹೆರಿಗೆ ಕಾಣಸಿಗುವ ಸಾಧ್ಯತೆ ಚೆನ್ನಾಗಿದೆ. ಹಿಂದಿನಿಂದ ಎರಡು ಪುಟ್ಟ ಗೊರಸು ಹೊರಬಂದ ಹೆಣ್ಣು ಕಂಡರೆ ಚಾಲಕರಿಗೆ ಗಾಡಿ ದೂರದಲ್ಲೇ ನಿಲ್ಲಿಸಿ ಎಂಜಿನ್ ಆರಿಸಲು ಹೇಳಿ. ಹತ್ತಿರ ಹೋದರೆ ಅದು ಹೆರಿಗೆ ತಡೆದು ಎದ್ದು ಓಡುತ್ತದೆ. ಗದ್ದಲದಲ್ಲಿ ತಾಯಿಯಿಂದ ಬೇರ್ಪಟ್ಟ ಕರುವನ್ನು ಬೇರೆ ಹೆಣ್ಣು ಹತ್ತಿರ ಸೇರಿಸುವುದಿಲ್ಲ.

ಎನ್‌ಡುಟು ಪ್ರದೇಶ ಎನ್‌ಗೊರೊಂಗೊರೊ ಸಂರಕ್ಷಣಾ ಪ್ರದೇಶಕ್ಕೆ ಸೇರಿದ್ದು. ಅಲ್ಲಿ ಈ ಕಾಲದಲ್ಲಿ ಗಾಡಿ ದಾರಿ ಬಿಟ್ಟು ಬಯಲಿಗೆ ಇಳಿಯಬಹುದು, ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದಲ್ಲಿ ಇಳಿಯುವಂತಿಲ್ಲ. ನೋಟದಲ್ಲಿ ಇದರಿಂದಾಗುವ ವ್ಯತ್ಯಾಸ ಬಹಳ.

ನದಿ ದಾಟುವ ನೋಟ ಬೇರೆಯದೇ ತೂಕದ್ದು, ಅದರ ಎದುರು ಇನ್ನೊಂದಿಲ್ಲ ಎನ್ನುವವರ ಮಾತನ್ನು ತಳ್ಳಿಹಾಕುವುದಿಲ್ಲ. ಆದರೆ ಅದು ಸಿಕ್ಕರೆ ಸಿಕ್ಕಿತು. ಫೆಬ್ರುವರಿಯ ಬಯಲು ಹಾಗಲ್ಲ, ಇಡೀ ದಿನ ಏನಾದರೊಂದು ನಡೆಯುತ್ತಲೇ ಇರುತ್ತದೆ. ಫೆಬ್ರುವರಿಗೆ ಇರುವ ಅಪಾಯವೂ ಒಂದಿದೆ. ಆ ವರ್ಷ ಮಳೆ ತಡವಾದರೆ ಅಥವಾ ನಡುವೆ ಹದಿನೈದು ದಿನ ಕೈಕೊಟ್ಟರೆ ಹಿಂಡು ಬಯಲು ಬಿಟ್ಟು ಕಾಡಂಚಿಗೆ, ಸೆರೊನೆರಾ ಕಡೆಗೆ ಸರಿಯುತ್ತದೆ. ಎನ್‌ಡುಟುವಿನಲ್ಲಿ ಮೂರು ರಾತ್ರಿ ಉಳಿದು, ಹಗಲು ಉತ್ತರಕ್ಕೋ ಪೂರ್ವಕ್ಕೋ ಹೋಗಿ ಬರುವಷ್ಟು ಬಿಡುವು ಇಟ್ಟುಕೊಂಡರೆ ಇದನ್ನು ದಾಟಬಹುದು.

ಪ್ರಶ್ನೆ: ನದಿ ದಾಟುವುದನ್ನು ನೋಡಲು ಎರಡು ರಾತ್ರಿ ಸಾಕೇ? ಹೋದವರೊಬ್ಬರು ಎರಡು ದಿನವೂ ದಡದಲ್ಲಿ ಕಾದು ಬರಿಗೈಯಲ್ಲಿ ಬಂದರಂತೆ.

ಉತ್ತರ: ಸಾಲದು. ನಾಲ್ಕು ರಾತ್ರಿ ಕೇಳಿ, ಆಗದಿದ್ದರೆ ಮೂರು. ಎರಡು ರಾತ್ರಿ ಎಂದರೆ ಬಂದ ದಿನ ಅರ್ಧ, ಹೊರಡುವ ದಿನ ಅರ್ಧ, ಕೈಗೆ ಸಿಗುವ ಪೂರ್ತಿ ದಿನ ಒಂದೇ.

ಇದನ್ನು ಒಮ್ಮೆ ಹೋಗಿ ಒಮ್ಮೆ ಬರುವ ಪ್ರಯಾಣವೆಂದು ತಿಳಿಯುವುದರಿಂದಲೇ ನಿರಾಸೆಯಾಗುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಹಿಂಡುಗಳು ನದಿಯ ಎರಡೂ ಬದಿಗೆ ಚೆದುರಿರುತ್ತವೆ. ಆಚೆ ದಡದಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿದರೆ ದಾಟುತ್ತವೆ, ನಾಲ್ಕು ದಿನ ಬಿಟ್ಟು ಈಚೆ ಮಳೆಯಾದರೆ ಮರಳಿ ದಾಟುತ್ತವೆ. ಒಂದೇ ಹಿಂಡು ಒಂದೇ ಕಾಲದಲ್ಲಿ ಹಲವು ಸಲ ದಾಟುವುದುಂಟು. ಹಾಗಾಗಿ ಸೆಪ್ಟೆಂಬರ್ ಹೊತ್ತಿಗೆ ಎಲ್ಲವೂ ದಾಟಿ ಮುಗಿದಿರುತ್ತವೆ ಎಂಬ ಭಯ ಬೇಡ.

ದಿನದ ಲೆಕ್ಕ ಹೀಗೆ. ಬೆಳಿಗ್ಗೆ ಬೇಗ ಹೊರಟು ನದಿಯುದ್ದಕ್ಕೂ ಹೋಗಿ, ಯಾವ ಬದಿಯಲ್ಲಿ ಹಿಂಡು ಸೇರುತ್ತಿದೆ ಎಂದು ನೋಡಬೇಕು. ಕೊಗಟೆಂಡೆಯಲ್ಲಿ ಹಿಂಡು ಇಳಿಯುವ ಜಾಗಗಳಿಗೆ ಚಾಲಕರು ಸಂಖ್ಯೆ ಕೊಟ್ಟುಕೊಂಡಿದ್ದಾರೆ. ಒಬ್ಬರಿಗೊಬ್ಬರು ರೇಡಿಯೊದಲ್ಲಿ ಆ ಸಂಖ್ಯೆಯಿಂದಲೇ ತಿಳಿಸುತ್ತಾರೆ. ಹಿಂಡು ಸಾಲಾಗಿ ನದಿಯತ್ತ ಇಳಿಯುತ್ತಿದ್ದರೆ, ಹಿಂದಿನಿಂದ ದೂಳೆಬ್ಬಿಸಿಕೊಂಡು ಇನ್ನಷ್ಟು ಬರುತ್ತಿದ್ದರೆ, ಅಲ್ಲಿ ನಿಲ್ಲಬಹುದು. ದಡದಲ್ಲಿ ನಿಂತು ಮೇಯತೊಡಗಿದರೆ ಬಹಳ ಹೊತ್ತು ಹಿಡಿಯುತ್ತದೆ. ಸಾವಿರಾರು ಪ್ರಾಣಿಗಳು ನೀರಿನ ಅಂಚಿಗೆ ಬಂದು, ಮುಂದಿನದೊಂದು ಬೆದರಿ ತಿರುಗಿದ್ದಕ್ಕೆ ಇಡೀ ಹಿಂಡು ಹಿಂದಕ್ಕೋಡುವುದು ಮಾಮೂಲು. ಐದು ಗಂಟೆ ಕಾಯುವುದು ಹೆಚ್ಚಲ್ಲ. ಒಂದು ನೀರಿಗೆ ಬಿತ್ತೆಂದರೆ ಉಳಿದವು ನಿಲ್ಲುವುದಿಲ್ಲ. ದಾಟುವಿಕೆ ಹತ್ತು ನಿಮಿಷದಲ್ಲಿ ಮುಗಿಯಬಹುದು, ಒಂದು ಗಂಟೆ ಮೀರಬಹುದು.

ಆದ್ದರಿಂದ ಮಧ್ಯಾಹ್ನದ ಊಟಕ್ಕೆ ಬಿಡಾರಕ್ಕೆ ಮರಳುವ ವೇಳಾಪಟ್ಟಿ ಬೇಡ. ಬುತ್ತಿ ಕಟ್ಟಿಸಿಕೊಂಡು ಇಡೀ ದಿನ ಹೊರಗಿರುವ ಸಫಾರಿ ಎಂದು ಮೊದಲೇ ಬರೆಸಿಕೊಳ್ಳಿ. ದಡದಲ್ಲಿ ಕಾಯುವಾಗ ಗಾಡಿಯಿಂದ ಇಳಿಯುವಂತಿಲ್ಲ. ಕುಡಿಯುವ ನೀರಿನ ಬಗ್ಗೆ ಎಷ್ಟು ಯೋಚಿಸುತ್ತೀರೋ ಶೌಚದ ಬಗ್ಗೆಯೂ ಅಷ್ಟೇ ಯೋಚಿಸಿ, ಸುರಕ್ಷಿತ ಜಾಗಕ್ಕೆ ಯಾವಾಗ ಕರೆದೊಯ್ಯುತ್ತಾರೆಂದು ಬೆಳಿಗ್ಗೆಯೇ ಚಾಲಕರನ್ನು ಕೇಳಿಟ್ಟುಕೊಳ್ಳಿ.

ಗಾಡಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ಪ್ರಾಣಿಗಳು ನೀರಿಗಿಳಿಯುವವರೆಗೆ ಎಲ್ಲ ಗಾಡಿಗಳೂ ದಡದಿಂದ ದೂರ ನಿಲ್ಲಬೇಕು. ಒಂದು ಗಾಡಿ ಮುಂದೆ ನುಗ್ಗಿದರೆ ಹಿಂಡು ಚೆದುರುತ್ತದೆ, ಬೆಳಗಿನಿಂದ ಕಾದವರೆಲ್ಲರ ದಿನ ಹಾಳು. ಅದಕ್ಕಿಂತ ಕೆಟ್ಟದ್ದೆಂದರೆ ಆಚೆ ದಡದಲ್ಲಿ ಮೇಲೇರುವ ದಾರಿಗೆ ಗಾಡಿ ಅಡ್ಡ ನಿಲ್ಲುವುದು. ಈಜಿ ಬಂದ ಪ್ರಾಣಿಗಳು ಹತ್ತಲಾಗದೆ ತಿರುಗುತ್ತವೆ, ಹಿಂದಿನವು ಅವುಗಳ ಮೇಲೆ ಬೀಳುತ್ತವೆ. ಮಾರಾ ನದಿಯಲ್ಲಿ ಸಾವು ಹೆಚ್ಚಾಗುವುದು ಮೊಸಳೆಯಿಂದಲ್ಲ, ಕಡಿದಾದ ದಡ, ನೂಕುನುಗ್ಗಲು, ಸೆಳವಿನಿಂದ. 2001ರಿಂದ 2015ರವರೆಗಿನ ದಾಖಲೆಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸಾಮೂಹಿಕವಾಗಿ ಮುಳುಗಿ ಸಾಯುವ ವೈಲ್ಡ್‌ಬೀಸ್ಟ್‌ಗಳು ವರ್ಷಕ್ಕೆ ಸರಾಸರಿ 6,250. ನಿಮ್ಮ ಚಾಲಕರಿಗೆ ಮೊದಲ ದಿನವೇ ಹೇಳಿಬಿಡಿ: ಹಿಂದೆ ನಿಂತರೂ ಪರವಾಗಿಲ್ಲ, ನುಗ್ಗುವುದು ಬೇಡ. ಪ್ರವಾಸಿಗರು ಬಯಸುತ್ತಾರೆಂದು ಭಾವಿಸಿಯೇ ಅವರಲ್ಲಿ ಅನೇಕರು ನುಗ್ಗುತ್ತಾರೆ.

ಪ್ರಶ್ನೆ: ಆಗಸ್ಟ್ 12ರಿಂದ 18ರವರೆಗಿನ ಪ್ರವಾಸಕ್ಕೆ ಒಂದು ಸಂಸ್ಥೆ ಈ ಪಟ್ಟಿ ಕೊಟ್ಟಿದೆ: ಸಫಾರಿ ಹೊರಡುವ ಪಟ್ಟಣ ಅರೂಷಾದಲ್ಲಿ 1 ರಾತ್ರಿ, ತರಂಗೀರೆ ಉದ್ಯಾನ 1, ಎನ್‌ಗೊರೊಂಗೊರೊ 1, ಸೆರೊನೆರಾ 3. ಶೀರ್ಷಿಕೆ ‘ಮಹಾವಲಸೆ ವಿಶೇಷ’. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಪಟ್ಟಿಯಲ್ಲಿರುವ ಜಾಗಗಳು ಒಂದೂ ಕೆಟ್ಟದ್ದಲ್ಲ. ಆಗಸ್ಟ್ ಒಣ ತಿಂಗಳಾದ್ದರಿಂದ ತರಂಗೀರೆ ನದಿಗೆ ಆನೆಗಳು ನೂರಾರು ಸಂಖ್ಯೆಯಲ್ಲಿ ಇಳಿಯುತ್ತವೆ. ಸೆರೊನೆರಾದಲ್ಲಿ ಚಿರತೆ, ಸಿಂಹ ವರ್ಷವಿಡೀ ಸಿಗುತ್ತವೆ. ಎನ್‌ಗೊರೊಂಗೊರೊದ ಜ್ವಾಲಾಮುಖಿ ಕುಳಿಯಲ್ಲಿ ಬಹುಮಟ್ಟಿಗೆ ಅಲ್ಲೇ ನೆಲೆಸಿದ ವೈಲ್ಡ್‌ಬೀಸ್ಟ್‌ಗಳೂ ಇವೆ. ಆದರೆ ಆಗಸ್ಟ್ ನಡುವಿನಲ್ಲಿ ವಲಸೆಯ ಹಿಂಡು ಸೆರೊನೆರಾದಲ್ಲಿರುವುದಿಲ್ಲ. ಅಲ್ಲಿಂದ ಕೊಗಟೆಂಡೆಗೆ ಗಾಡಿಯಲ್ಲಿ ನಾಲ್ಕೈದು ಗಂಟೆ. ‘ಒಂದು ದಿನ ಹೋಗಿಬರೋಣ’ ಎಂದರೆ ಹೋಗುವುದಕ್ಕೂ ಬರುವುದಕ್ಕೂ ಇಡೀ ಹಗಲು ಕಳೆದು, ದಡದಲ್ಲಿ ನಿಲ್ಲಲು ಒಂದೆರಡು ಗಂಟೆ ಉಳಿದರೆ ಹೆಚ್ಚು.

ಇರುವ ಆರು ರಾತ್ರಿಯಲ್ಲೇ ತಿದ್ದುವುದಾದರೆ ಅರೂಷಾ 1, ಎನ್‌ಗೊರೊಂಗೊರೊ 1, ಸೆರೊನೆರಾ 1, ಕೊಗಟೆಂಡೆ 3. ತರಂಗೀರೆ ಬಿಟ್ಟುಬಿಡಿ. ವಾಪಸು ರಸ್ತೆಯಲ್ಲಿ ಬರಬೇಡಿ. ಕೊಗಟೆಂಡೆಯಿಂದ ಅರೂಷಾವರೆಗೆ ರಸ್ತೆ ಪ್ರಯಾಣ ಒಂದು ದಿನಕ್ಕೆ ಮುಗಿಯದಷ್ಟು ದೂರ, ಕೊಗಟೆಂಡೆಯ ಸಣ್ಣ ವಿಮಾನ ನಿಲ್ದಾಣದಿಂದ ಹಾರಿಬನ್ನಿ. ಟಿಕೆಟ್ಟಿನ ದುಡ್ಡು ಕೊಟ್ಟು ಒಂದು ದಿನ ಕೊಂಡಂತೆ.

ಯಾವ ಪಟ್ಟಿ ಬಂದರೂ ಕೇಳಬೇಕಾದ್ದು ಇಷ್ಟು. ಪ್ರತಿ ರಾತ್ರಿಯ ಬಿಡಾರದ ಹೆಸರು ಹೇಳಿಸಿ, ಅದು ನಕ್ಷೆಯಲ್ಲಿ ಎಲ್ಲಿದೆ ಎಂದು ನೀವೇ ನೋಡಿ. ‘ಸೆರೆಂಗೆಟಿಯಲ್ಲಿ ವಾಸ್ತವ್ಯ’ ಎಂದಷ್ಟೇ ಬರೆದಿದ್ದರೆ ಅದಕ್ಕೆ ಅರ್ಥವಿಲ್ಲ, ಉದ್ಯಾನವೇ 14,763 ಚದರ ಕಿ.ಮೀ. ಇದೆ. ಬಿಡಾರದಿಂದ ನದಿಗೆ ಎಷ್ಟು ನಿಮಿಷ ಎಂದು ಕೇಳಿ, 45 ನಿಮಿಷ ದಾಟಿದರೆ ಬೇರೆ ತೋರಿಸಲು ಹೇಳಿ. ಕಾಲಕ್ಕೆ ತಕ್ಕಂತೆ ಜಾಗ ಬದಲಿಸುವ ಡೇರೆ ಬಿಡಾರವಾದರೆ, ನಿಮ್ಮ ದಿನಾಂಕದಂದು ಅದು ಎಲ್ಲಿ ಇರುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಗಾಡಿ ನಿಮಗೆ ಮಾತ್ರವೋ, ಹಂಚಿಕೊಳ್ಳಬೇಕೋ, ಎಲ್ಲರಿಗೂ ಕಿಟಕಿಯ ಸೀಟು ಇದೆಯೋ, ಮೇಲ್ಛಾವಣಿ ತೆರೆಯುತ್ತದೆಯೋ ಎಂಬುದೂ ಅದರಲ್ಲಿರಲಿ.

ಪ್ರಶ್ನೆ: ಕೀನ್ಯಾವೋ ಟಾಂಜಾನಿಯಾವೋ? ಎರಡನ್ನೂ ಸೇರಿಸಬಹುದೇ?

ಉತ್ತರ: ವರ್ಷದ ಬಹುಪಾಲು ಹಿಂಡು ಟಾಂಜಾನಿಯಾದಲ್ಲೇ ಇರುತ್ತದೆ. ಕೀನ್ಯಾ ಲೆಕ್ಕಕ್ಕೆ ಬರುವುದು ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ, ಆಗಲೂ ಎಲ್ಲ ಪ್ರಾಣಿಗಳೂ ಗಡಿ ದಾಟುವುದಿಲ್ಲ. ಆ ತಿಂಗಳುಗಳಲ್ಲಿ ಐದೇ ದಿನ ಇದ್ದರೆ ಕೀನ್ಯಾ ಅನುಕೂಲ: ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಮುಕ್ಕಾಲು ಗಂಟೆಯ ಹಾರಾಟ, ರಸ್ತೆಯಲ್ಲಾದರೆ ಐದಾರು ಗಂಟೆ. ಮಸಾಯ್ ಮಾರಾ ಮೀಸಲು ಪ್ರದೇಶ ಸುಮಾರು 1,510 ಚ.ಕಿ.ಮೀ. ಮಾತ್ರ, ಹಾಗಾಗಿ ನದಿಯೂ ಹತ್ತಿರ, ಗಾಡಿಗಳ ದಟ್ಟಣೆಯೂ ಹೆಚ್ಚು. ನದಿಯ ಪಶ್ಚಿಮಕ್ಕಿರುವ ಮಾರಾ ಟ್ರಯಾಂಗಲ್ ಭಾಗದಲ್ಲಿ ನಿರ್ವಹಣೆ ಅಚ್ಚುಕಟ್ಟು, ನಮ್ಮ ಆಯ್ಕೆ ಅದೇ.

ಶುಲ್ಕದಲ್ಲಿ ಎಚ್ಚರ ಬೇಕು. ಮಸಾಯ್ ಮಾರಾ ಪ್ರವೇಶ 2024ರಿಂದ ಜನವರಿ–ಜೂನ್ ಅವಧಿಗೆ 100 ಡಾಲರ್, ಜುಲೈ–ಡಿಸೆಂಬರ್ ಅವಧಿಗೆ 200 ಡಾಲರ್, ಅದೂ ಹನ್ನೆರಡು ಗಂಟೆಗೆ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಬಿಡಾರ ಮೀಸಲು ಪ್ರದೇಶದ ಒಳಗಿದೆಯೋ ಹೊರಗಿದೆಯೋ, ಹೊರಡುವ ದಿನದ ಬೆಳಗಿನ ಸಫಾರಿಗೆ ಇನ್ನೊಂದು ಟಿಕೆಟ್ ಬೇಕಾಗುತ್ತದೆಯೋ ಎಂದು ಕೇಳಿ. ಸೆರೆಂಗೆಟಿಯಲ್ಲಿ 24 ಗಂಟೆಗೆ 70 ಡಾಲರ್, ಶೇ. 18 ತೆರಿಗೆ ಸೇರಿ 82.60. ಒಳಗೇ ಉಳಿದರೆ ರಾತ್ರಿಯ ಶುಲ್ಕ ಬೇರೆ. ಅರೂಷಾದಿಂದ ರಸ್ತೆಯಲ್ಲಿ ಹೋಗುವವರು ಎನ್‌ಗೊರೊಂಗೊರೊ ಪ್ರದೇಶವನ್ನು ಬರೀ ಹಾದುಹೋದರೂ ಅದರ ಶುಲ್ಕ ಕಟ್ಟಬೇಕು. ಕುಳಿಗೆ ಇಳಿಯುವ ಗಾಡಿಗೆ ಮತ್ತೆ ಪ್ರತ್ಯೇಕ, ತೆರಿಗೆ ಸೇರಿ 295 ಡಾಲರ್. ನಾಲ್ಕೈದು ಜನ ಹಂಚಿಕೊಂಡರೆ ಅದು ಭಾರವಲ್ಲ, ಇಬ್ಬರೇ ಇದ್ದರೆ ಭಾರ. ಸಂಸ್ಥೆ ಹೇಳಿದ ದರದಲ್ಲಿ ಇವೆಲ್ಲ ಸೇರಿವೆಯೇ ಎಂಬುದೇ ಎರಡು ದರಪಟ್ಟಿಗಳ ನಡುವಿನ ದೊಡ್ಡ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಕಾರಣ.

ಎರಡನ್ನೂ ಸೇರಿಸಲು ಹತ್ತು ದಿನ ಇದ್ದರೆ ಮಾತ್ರ ಯೋಚಿಸಿ. ನಕ್ಷೆಯಲ್ಲಿ ಮಾರಾ, ಸೆರೆಂಗೆಟಿ ಒಂದಕ್ಕೊಂದು ಅಂಟಿಕೊಂಡಿವೆ. ಪ್ರಾಣಿಗಳಿಗೆ ಗಡಿಯಿಲ್ಲ, ಪ್ರವಾಸಿಗರಿಗೆ ಇದೆ. ಪಶ್ಚಿಮದ ಇಸೆಬಾನಿಯಾ–ಸಿರಾರಿ ಗಡಿಠಾಣೆಗೆ ಸುತ್ತಿ ಹೋಗಬೇಕು, ಅಲ್ಲಿ ಗಾಡಿಯನ್ನೂ ಚಾಲಕರನ್ನೂ ಬದಲಿಸಬೇಕು. ಇಡೀ ದಿನ ಹೋಗುತ್ತದೆ.

ಪ್ರಶ್ನೆ: ಮಸಾಯ್ ಮಾರಾ ಸುತ್ತಲಿನ ಖಾಸಗಿ ಕನ್ಸರ್ವೆನ್ಸಿಗಳಲ್ಲಿ (ವನ್ಯಜೀವಿ ರಕ್ಷಣೆಗೆ ಮೀಸಲಿಟ್ಟ ಜಾಗಗಳಲ್ಲಿ) ಉಳಿದರೆ ಜನಜಂಗುಳಿ ಇರುವುದಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ನಬೋಯಿಶೊ, ಒಲಾರೆ ಮೊಟೊರೊಗಿಯಂಥ ಕಡೆ ಮಸಾಯ್ ಭೂಮಾಲೀಕರಿಗೆ ಗೇಣಿ ಕೊಟ್ಟು ಬಿಡಾರಗಳ ಸಂಖ್ಯೆಯನ್ನು ಮಿತಿಯಲ್ಲಿಟ್ಟಿದ್ದಾರೆ. ದಾರಿ ಬಿಟ್ಟು ಹೋಗಬಹುದು, ರಾತ್ರಿ ಸಫಾರಿ, ಕಾಲ್ನಡಿಗೆ ಎರಡೂ ಉಂಟು. ಆದರೆ ಹಿಂಡು ನದಿ ದಾಟುವ ಪ್ರಸಿದ್ಧ ಜಾಗಗಳು ಇರುವುದು ಮೀಸಲು ಪ್ರದೇಶದಲ್ಲಿ. ಅದಕ್ಕೆ ಒಂದು ದಿನ ಹೊರಗೆ ಹೋಗಿ ಬೇರೆ ಟಿಕೆಟ್ ಕೊಳ್ಳಬೇಕು. ಎರಡು ರಾತ್ರಿ ಅಲ್ಲಿ, ಮೂರು ರಾತ್ರಿ ನದಿಯ ಹತ್ತಿರ ಎಂದು ಹಂಚಿಕೊಂಡರೆ ಚೆಂದ.

ಪ್ರಶ್ನೆ: ಏಪ್ರಿಲ್–ಮೇ ತಿಂಗಳಿಗೆ ಬಹಳ ಕಡಿಮೆ ದರ ಹೇಳಿದ್ದಾರೆ. ಏನಾದರೂ ಕೊರತೆ ಇದೆಯೇ?

ಉತ್ತರ: ಮಾಸಿಕಾ ಎಂದು ಅಲ್ಲಿಯವರು ಕರೆಯುವ ದೊಡ್ಡ ಮಳೆಯ ಕಾಲ ಅದು. ದಿನವಿಡೀ ಸುರಿಯುವುದು ಅಪರೂಪ, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಜೋರಾಗಿ ಹೊಡೆದು ನಿಲ್ಲುತ್ತದೆ. ಸಮಸ್ಯೆ ಮಳೆಯದಲ್ಲ, ಮಣ್ಣಿನದು. ಪಶ್ಚಿಮದ ಕಡೆಯ ನೆಲ ಎರೆಮಣ್ಣು. ಎರೆಭೂಮಿಯಲ್ಲಿ ಮಳೆಗಾಲಕ್ಕೆ ಗಾಡಿ ಓಡಿಸಿದವರಿಗೆ ಹೆಚ್ಚು ಹೇಳಬೇಕಿಲ್ಲ, ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯೂ ಹೂತು ಕೂರುತ್ತದೆ. ಹಲವು ಬಿಡಾರಗಳು ಮುಚ್ಚಿರುತ್ತವೆ. ಹುಲ್ಲು ಎತ್ತರ ಬೆಳೆದ ಕಡೆ ಸಿಂಹ ಹತ್ತು ಅಡಿ ದೂರದಲ್ಲಿದ್ದರೂ ಕಾಣದು.

ಆದರೂ ಏಪ್ರಿಲ್ ಮೊದಲರ್ಧ ಕೆಟ್ಟದ್ದಲ್ಲ. ಹಿಂಡುಗಳು ದಕ್ಷಿಣದಿಂದ ನಡುಭಾಗಕ್ಕೆ ಉದ್ದುದ್ದ ಸಾಲುಗಳಲ್ಲಿ ಸಾಗುತ್ತಿರುತ್ತವೆ, ಗಾಡಿಗಳು ವಿರಳ, ಆಕಾಶ ತೊಳೆದಂತೆ. ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಸೆರೆಂಗೆಟಿ ಪ್ರವೇಶವೂ ಕಡಿಮೆ, ತೆರಿಗೆ ಸೇರಿ 70.80 ಡಾಲರ್. ಸೆರೊನೆರಾದ ಕಾಯಂ ಲಾಡ್ಜ್‌ನಲ್ಲಿ ಉಳಿಯಿರಿ, ಮುಖ್ಯ ದಾರಿಗಳನ್ನು ಬಿಡಬೇಡಿ, ವಿಮಾನ ಹಿಡಿಯುವ ಹಿಂದಿನ ರಾತ್ರಿ ಅರೂಷಾಕ್ಕೆ ಮರಳಿರಿ. ಇಷ್ಟಕ್ಕೆ ಒಪ್ಪಿಗೆಯಿದ್ದರೆ ಹೋಗಬಹುದು.

ಪ್ರಶ್ನೆ: ಜೂನ್‌ನಲ್ಲಿ ಗ್ರುಮೇಟಿ ನದಿ ದಾಟುವುದನ್ನು ನೋಡಲು ಹೋಗಬಹುದೇ?

ಉತ್ತರ: ಆ ದಾಟುವಿಕೆಗಾಗಿಯೇ ಹೋಗಬೇಡಿ. ಗ್ರುಮೇಟಿ ಅನೇಕ ಕಡೆ ಮಡುಗಳ ಸಾಲಾಗಿ ಉಳಿದಿರುತ್ತದೆ, ಮಾರಾ ನದಿಯಲ್ಲಾದಂತೆ ದೊಡ್ಡ ದಂಡು ಒಂದೇ ಕಡೆ ನುಗ್ಗುವುದು ಕಡಿಮೆ. ಮೇ–ಜೂನ್ ಗಂಡುಗಳ ಕಾದಾಟದ ಕಾಲ. ಗೊಗ್ಗರು ಸದ್ದು ಮಾಡುತ್ತ ಒಂದೊಂದು ಗಂಡೂ ತನ್ನ ತುಂಡು ನೆಲ ಕಾಯುತ್ತ ಹೆಣ್ಣುಗಳನ್ನು ಅಟ್ಟಿಸುವ ಗಲಾಟೆ ನೋಡಲು ಬೇಕಾದರೆ ಇದೇ ಸಮಯ. ಎಂಟು ತಿಂಗಳಿಗೆ ಕರು.

ಪ್ರಶ್ನೆ: ಒಂದೊಂದು ವರ್ಷ ಆಗಸ್ಟ್‌ನಲ್ಲೂ ಮಾರಾ ಖಾಲಿ ಇರುತ್ತದಂತೆ. ಇನ್ನೊಬ್ಬರಿಗೆ ಜೂನ್‌ನಲ್ಲೇ ಅಲ್ಲಿ ದೊಡ್ಡ ಹಿಂಡು ಕಂಡಿದೆ. ಏನಿದು?

ಉತ್ತರ: ಎರಡಕ್ಕೂ ಬೇರೆ ಬೇರೆ ಕಾರಣ. ಉತ್ತರ ಸೆರೆಂಗೆಟಿಯಲ್ಲಿ ಆಗಸ್ಟ್‌ನಲ್ಲಿ ಒಳ್ಳೆಯ ಮಳೆಯಾದರೆ ಹಿಂಡಿಗೆ ಗಡಿ ದಾಟುವ ಅಗತ್ಯವಿಲ್ಲ, ದಾಟಿದವೂ ತಿರುಗಿ ಬರುತ್ತವೆ. ಆ ವಾರ ಕೀನ್ಯಾದಲ್ಲಿದ್ದವರಿಗೆ ಬಯಲು ಬರಿದು, ಮೂವತ್ತು ನಲವತ್ತು ಕಿ.ಮೀ. ದಕ್ಷಿಣದಲ್ಲಿದ್ದವರಿಗೆ ಹಬ್ಬ. ಜೂನ್‌ನಲ್ಲಿ ಮಾರಾದಲ್ಲಿ ಕಾಣುವವು ಹಲವು ಸಲ ಸೆರೆಂಗೆಟಿಯವಲ್ಲ, ಕೀನ್ಯಾದೊಳಗಿನ ಲೊಯ್ಟಾ ಬಯಲಿನಿಂದ ಬರುವ ಸಣ್ಣ ವಲಸೆಯವು. ಬೇಲಿ, ಹೊಲಗಳಿಂದಾಗಿ ಆ ಹಿಂಡು ಕೆಲವು ದಶಕಗಳಲ್ಲಿ ಬಹಳ ಕರಗಿದೆ. ಅದನ್ನೇ ತೋರಿಸಿ ‘ವಲಸೆ ಬೇಗ ಬಂತು’ ಎಂದು ಜೂನ್ ಪ್ರವಾಸ ಮಾರುವವರ ಮಾತಿಗೆ ಮರುಳಾಗಬೇಡಿ.

ಪ್ರಶ್ನೆ: ರಜೆ ಸಿಗುವುದು ನವೆಂಬರ್ ಕೊನೆಗೆ ಮಾತ್ರ.

ಉತ್ತರ: ಊಹಿಸಲು ಅತಿ ಕಷ್ಟದ ತಿಂಗಳು. ಹಿಂಡುಗಳು ನಡೆಯುತ್ತಲೇ ಇರುತ್ತವೆ, ಇವತ್ತು ಲೋಬೊದಲ್ಲಿದ್ದದ್ದು ನಾಳಿದ್ದು ನಲವತ್ತು ಕಿ.ಮೀ. ಆಚೆ. ಸೆರೊನೆರಾವನ್ನು ನಡುವಿನ ನೆಲೆಯಾಗಿಟ್ಟುಕೊಂಡು ನಾಲ್ಕು ರಾತ್ರಿ ಉಳಿಯಿರಿ, ಉತ್ತರಕ್ಕೋ ದಕ್ಷಿಣಕ್ಕೋ ಎಂಬುದನ್ನು ಆಯಾ ದಿನ ಚಾಲಕರು ನಿರ್ಧರಿಸಲಿ.

ಪ್ರಶ್ನೆ: ಎಷ್ಟು ತಿಂಗಳು ಮುಂಚೆ ಕಾದಿರಿಸಬೇಕು?

ಉತ್ತರ: ಜುಲೈ–ಸೆಪ್ಟೆಂಬರಿಗೆ ನದಿಯ ಹತ್ತಿರದ ಸಣ್ಣ ಬಿಡಾರಗಳಾದರೆ ಹತ್ತರಿಂದ ಹನ್ನೆರಡು ತಿಂಗಳು. ಹತ್ತು ಹನ್ನೆರಡು ಡೇರೆಗಳಷ್ಟೇ ಇರುವ ಜಾಗಗಳು ಬೇಗ ತುಂಬುತ್ತವೆ. ಫೆಬ್ರುವರಿ ಎನ್‌ಡುಟುವಿಗೆ ಎಂಟು ಹತ್ತು ತಿಂಗಳು. ಉಳಿದ ಕಾಲಕ್ಕೆ ಮೂರು ನಾಲ್ಕು ತಿಂಗಳು ಸಾಕು. ಮೊದಲು ಬಿಡಾರ, ಆಮೇಲೆ ವಿಮಾನ. ವಿಮಾನದ ಟಿಕೆಟ್ ಮೊದಲು ಕೊಂಡು, ಬಿಡಾರ ಸಿಗದೆ ಸೆರೊನೆರಾದಲ್ಲಿ ಉಳಿಯಬೇಕಾಗಿ ಬರುವವರು ಬಹಳ ಜನ.

ಪ್ರಶ್ನೆ: ಸಾಮಾನು ಏನೇನು?

ಉತ್ತರ: ಒಳನಾಡಿನ ಸಣ್ಣ ವಿಮಾನದಲ್ಲಿ ಕೈಚೀಲ ಸೇರಿ 15 ಕೆ.ಜಿ. ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸ್ ಅದರ ಹೊಟ್ಟೆಯೊಳಗೆ ಹೋಗುವುದಿಲ್ಲ. ಹೆಚ್ಚಿನದನ್ನು ಅರೂಷಾ ಅಥವಾ ನೈರೋಬಿಯ ಹೋಟೆಲಿನಲ್ಲಿ ಬಿಟ್ಟು ಹೋಗಿ. ಕಡುನೀಲಿ, ಕಪ್ಪು ಬಟ್ಟೆ ಬೇಡ. ಮರಗಳಿರುವ ಕಡೆ, ಮುಖ್ಯವಾಗಿ ಪಶ್ಚಿಮದಲ್ಲಿ, ಸೆಟ್ಸೆ ನೊಣಗಳು ಆ ಬಣ್ಣಕ್ಕೆ ಮುತ್ತುತ್ತವೆ, ಕಚ್ಚಿದರೆ ಸೂಜಿ ಚುಚ್ಚಿದಂತೆ. ಬೆಳಗಿನ ಚಳಿಗೆ ದಪ್ಪ ಅಂಗಿಯೊಂದು ಇರಲಿ, ಎನ್‌ಗೊರೊಂಗೊರೊ ಕುಳಿಯ ಅಂಚು ಸಮುದ್ರ ಮಟ್ಟದಿಂದ 2,200 ಮೀಟರಿಗೂ ಮೇಲಿದೆ. ಪ್ಲಾಸ್ಟಿಕ್ ಚೀಲ ಕೀನ್ಯಾದಲ್ಲಿ 2017ರಿಂದ, ಟಾಂಜಾನಿಯಾದಲ್ಲಿ 2019ರಿಂದ ನಿಷಿದ್ಧ, ಬಟ್ಟೆಯ ಚೀಲಗಳಲ್ಲಿ ಜೋಡಿಸಿಕೊಳ್ಳಿ. ಡ್ರೋನ್ ಒಯ್ಯಬೇಡಿ. 8x42 ದುರ್ಬೀನು ತಲಾ ಒಂದು ಇದ್ದರೆ ಉತ್ತಮ. ಒಂದನ್ನೇ ಹಂಚಿಕೊಂಡರೆ ಹಿಂಡು ನೀರಿಗೆ ಬೀಳುವ ಕ್ಷಣದಲ್ಲಿ ಅದು ಇನ್ನೊಬ್ಬರ ಕೈಯಲ್ಲಿರುತ್ತದೆ. ಕ್ಯಾಮೆರಾಕ್ಕೆ 100–400 ಮಿ.ಮೀ. ಜೂಮ್ ಲೆನ್ಸ್ ಸಾಕು, ಗಾಡಿಯ ಅಂಚಿನ ಮೇಲಿಡಲು ಖಾಲಿ ಬೀನ್‌ಬ್ಯಾಗ್ ಒಯ್ದು ಅಲ್ಲೇ ಅಕ್ಕಿಯೋ ಕಾಳೋ ತುಂಬಿಸಿಕೊಳ್ಳಿ. ಬಯಲಿನಲ್ಲಿ ಲೆನ್ಸ್ ಬದಲಿಸಿದರೆ ಒಳಗೆ ದೂಳು ಸೇರುತ್ತದೆ.

ಪ್ರಶ್ನೆ: ಎರಡೂ ದೇಶಕ್ಕೆ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಬೇಕೇ?

ಉತ್ತರ: ಕೀನ್ಯಾದಿಂದ ಟಾಂಜಾನಿಯಾಕ್ಕೆ ಕಾಲಿಡುವಾಗ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಒಂದು ವರ್ಷ ದಾಟಿದ ಮಕ್ಕಳಿಗೂ ಇದು ಅನ್ವಯ. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅರವತ್ತು ದಾಟಿದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿರುವವರು ವೈದ್ಯರನ್ನು ಕೇಳದೆ ಈ ಲಸಿಕೆ ಹಾಕಿಸಿಕೊಳ್ಳಬಾರದು. ಮಲೇರಿಯಾ ಈ ಪ್ರದೇಶದಲ್ಲಿದೆ. ಅದರ ಮಾತ್ರೆಗಳಲ್ಲಿ ಕೆಲವನ್ನು ಹೊರಡುವ ಮುನ್ನವೇ ಶುರು ಮಾಡಿ, ಮರಳಿದ ಮೇಲೂ ನಾಲ್ಕು ವಾರ ಮುಂದುವರಿಸಬೇಕಾಗುತ್ತದೆ. ಎರಡಕ್ಕೂ ಸೇರಿ ಹೊರಡುವ ಆರು ವಾರ ಮೊದಲೇ ವೈದ್ಯರನ್ನು ಕಾಣಿ.